ಫೋನಿನಲ್ಲಿ ಓದಿದ ಮಂಗಳ ಗ್ರಹದವರ ಕಥೆ

ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆಯುಳ್ಳ, ಎಚ್. ಜಿ. ವೆಲ್ಸ್ ಅವರ ಇಂಗ್ಲಿಷ್ ಕಾದಂಬರಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಓದಬೇಕೆಂಬ ಆಸೆ ಬಹಳ ದಿನದ್ದು. ಮೊದಲು ಒಂದು ಪಿಡಿಎಫ್ ಇಳಿಸಿಕೊಂಡೆ. ಅಕ್ಷರ ಕಾಣಬೇಕೆಂದರೆ ಪುಟ ಹಿಗ್ಗಿಸಬೇಕು, ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಹತ್ತು ಪುಟಕ್ಕೇ ಸಾಕಾಯಿತು. ಆಮೇಲೆ ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುವ ಇ-ಪಬ್ (ಇ-ಪುಸ್ತಕದ ಒಂದು ಬಗೆಯ ಫೈಲ್) ತೆಗೆದುಕೊಂಡೆ. ಅಕ್ಷರ ಎಷ್ಟೇ ದೊಡ್ಡದು ಮಾಡಿದರೂ ಸಾಲುಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಂಡವು. ಸಾಲಿಗೆ ಏಳೆಂಟು ಪದ ಬರುವಂತೆ ಇಟ್ಟು, ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ ಕೂತೆ.

ಈ ಕಾದಂಬರಿ 1897ರಲ್ಲಿ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂದದ್ದು, ಪುಸ್ತಕವಾದದ್ದು 1898ರಲ್ಲಿ. ಅಧ್ಯಾಯಗಳು ಚಿಕ್ಕವು, ಒಟ್ಟು 27. ಒಂದು ಸಲಕ್ಕೆ ಒಂದು ಅಧ್ಯಾಯ ಎಂದು ಗೊತ್ತುಮಾಡಿಕೊಂಡೆ. ಫೋನಿಗೆ ಹೇಳಿ ಮಾಡಿಸಿದ ಅಳತೆ.

ಕಷ್ಟವಾದದ್ದು ಕಣ್ಣಿಗಲ್ಲ, ನೆನಪಿಗೆ. ವೈಜ್ಞಾನಿಕ ಕಾದಂಬರಿಯಲ್ಲಿ ಲೇಖಕರೇ ಹುಟ್ಟಿಸಿದ ವಸ್ತುಗಳಿರುತ್ತವೆ. ಪದದ ಮೇಲೆ ಬೆರಳು ಒತ್ತಿ ಹಿಡಿದರೆ ನಿಘಂಟು ತೆರೆಯುತ್ತದೆ ನಿಜ, ಆದರೆ ‘ಹ್ಯಾಂಡ್ಲಿಂಗ್ ಮೆಷಿನ್’ ಎಂದರೆ ಈ ಕಥೆಯಲ್ಲಿ ಏನು ಎಂದು ಅದು ಹೇಗೆ ಹೇಳೀತು? ಕಾಗದದ ಪುಸ್ತಕವಾದರೆ ‘ಎಡ ಪುಟದ ಕೆಳಗೆ ಓದಿದ್ದೆ’ ಎಂದು ಕೈಯೇ ಹುಡುಕಿಕೊಂಡು ಹೋಗುತ್ತದೆ. ಪರದೆಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ.

ಹಾಗಾಗಿ ಹುಡುಕು ಗುಂಡಿಗೆ ಮೊರೆಹೋದೆ, ಅಲ್ಲೇ ಏಟು ತಿಂದೆ. ನಾಲ್ಕು ದಿನ ಓದು ನಿಂತಿತ್ತು. ನಿರೂಪಕನಿಗೆ ಜೊತೆಯಾದ ಪಾದ್ರಿ ಎಲ್ಲಿ ಸಿಕ್ಕಿದ್ದ ಎಂದು ಮರೆತು ‘ಕ್ಯುರೇಟ್’ ಎಂದು ಹುಡುಕಿದೆ. ಅವನ ಹೆಸರಿರುವ ಸಾಲುಗಳೆಲ್ಲ ಪಟ್ಟಿಯಾಗಿ ಬಂದವು, ಇನ್ನೂ ಓದದ ಅಧ್ಯಾಯಗಳವೂ ಸೇರಿ. ಅವನ ಗತಿ ಏನಾಗುತ್ತದೆ ಎಂಬುದು ಅರ್ಧ ಸಾಲಿನಲ್ಲೇ ತಿಳಿದುಹೋಯಿತು. ತುಂಬ ಬೇಜಾರಾಯಿತು.

ಅಂದಿನಿಂದ ಹುಡುಕುವುದು ಬಿಟ್ಟೆ. ಹೊಸ ವಸ್ತು ಮೊದಲ ಸಲ ಕಂಡಾಗಲೇ ಆ ಸಾಲಿಗೆ ಬಣ್ಣ ಹಚ್ಚಿ, ಒಂದೇ ಸಾಲಿನ ಕನ್ನಡ ಟಿಪ್ಪಣಿ ಬರೆದಿಡತೊಡಗಿದೆ. ‘ಫೈಟಿಂಗ್ ಮೆಷಿನ್: ಮೂರು ಕಾಲು, ಊರು ಸುಡುವುದು.’ ‘ಹ್ಯಾಂಡ್ಲಿಂಗ್ ಮೆಷಿನ್: ಲೋಹದ ಜೇಡ, ಐದು ಕಾಲು, ಕೆಲಸಕ್ಕೆ.’ ಓದಿನ ಭರದಲ್ಲಿ ಎರಡೂ ಒಂದೇ ಅಂದುಕೊಂಡಿದ್ದವನಿಗೆ, ಟಿಪ್ಪಣಿ ಬರೆಯಲೆಂದು ಕಾಲು ಎಣಿಸಿದಾಗಲೇ ವೆಲ್ಸ್ ಎಷ್ಟು ಕರಾರುವಾಕ್ಕಾಗಿ ಚಿತ್ರಿಸಿದ್ದಾರೆ ಎಂದು ಹೊಳೆದದ್ದು. ಈ ಟಿಪ್ಪಣಿಗಳು ಆ್ಯಪ್‌ನಲ್ಲಿ ಒಂದೇ ಕಡೆ ಕೂಡಿಬೀಳುತ್ತವೆ. ಎಷ್ಟು ದಿನ ಬಿಟ್ಟು ಬಂದರೂ ಅವುಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಕಥೆಯೊಳಗೆ ಮರಳಬಹುದು.

ಇನ್ನೊಂದು ಮಾತು. ಕೆಳಗೆ ಕಾಣುವ ಶೇಕಡಾವಾರು ಅಂಕಿಯನ್ನು ನಂಬಬೇಡಿ. ಇನ್ನೂ ಒಂದಿಷ್ಟು ಕಥೆ ಬಾಕಿ ಇದೆ ಎಂದುಕೊಂಡು ಪುಟ ಸರಿಸಿದರೆ ಬಂದದ್ದು ಗುಟೆನ್‌ಬರ್ಗ್‌ನ ಪರವಾನಗಿ. ಕಥೆ ಆಗಲೇ ಮುಗಿದಿತ್ತು. ಹಿಂದಕ್ಕೆ ಹೋಗಿ ಕೊನೆಯ ಪ್ಯಾರಾ ಮತ್ತೆ ಓದಿದೆ, ಈ ಸಲ ಅದೇ ಕೊನೆಯದೆಂದು ಗೊತ್ತಿದ್ದು, ನಿಧಾನವಾಗಿ.