ಮಗನ ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕರೆ ಏನು ಮಾಡಬೇಕು

ಚಿಕ್ಕಮ್ಮ ಬಟ್ಟೆ ನೆನೆಸುವಾಗ ಮಗನ ಪ್ಯಾಂಟ್ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಮಾತ್ರೆ ಸ್ಟ್ರಿಪ್ ಸಿಕ್ಕಿತು. ಹತ್ತೂ ಖಾಲಿ. ಹೆಸರು ಟಪೆಂಟಡಾಲ್. ತಡೆಯಲಾಗದ ನೋವಿದ್ದವರಿಗೆ ಡಾಕ್ಟರ್ ಬರೆದುಕೊಡುವ ಮಾತ್ರೆ ಅದು, ಅವನಿಗೆ ಎಲ್ಲೂ ನೋವಿರಲಿಲ್ಲ, ನಶೆಗೆ ನುಂಗುತ್ತಿದ್ದ. ಚಿಕ್ಕಪ್ಪ ಆವತ್ತೇ ಹೊಡೆದರು, ಮೊಬೈಲ್ ಕಿತ್ತುಕೊಂಡರು, ರೂಮಿಗೆ ಬೀಗ ಹಾಕಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮೂರರಿಂದಲೂ ಏನೂ ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಸ್ಟ್ರಿಪ್ ಎಸೆಯಬೇಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಆಮೇಲೆ ಮಾತು. ನಶೆ ಇಳಿದ ಮೇಲೆ, ಊಟ ಆದ ಮೇಲೆ, ಮನೆಯವರೆಲ್ಲ ಸುತ್ತುವರಿಯದೆ ಒಬ್ಬರೇ ಕೂತು ಕೇಳಿ. "ಯಾಕೋ ಹಿಂಗ್ ಮಾಡ್ದೆ" ಅಂದರೆ ಬಾಯಿ ಬಿಡುವುದಿಲ್ಲ. "ತಗೊಳ್ದೆ ಇದ್ರೆ ಮೈ ಹೆಂಗಾಗುತ್ತೆ?" ಅಂತ ಕೇಳಿ. ನಮ್ಮ ಹುಡುಗ ಅದಕ್ಕೆ ಉತ್ತರ ಕೊಟ್ಟ. ಮೂಗು ಸೋರುತ್ತೆ, ಹೊಟ್ಟೆ ಕಿವುಚುತ್ತೆ, ಕಾಲಿನ ಮೂಳೆ ಯಾರೋ ತಿರುಚಿದ ಹಾಗಾಗುತ್ತೆ, ಮೂರು ರಾತ್ರಿ ನಿದ್ದೆ ಇಲ್ಲ. ಮಜಾ ಯಾವಾಗಲೋ ಮುಗಿದಿರುತ್ತದೆ, ಈಗ ತಗೊಳ್ಳೋದು ಈ ನರಕ ತಪ್ಪಿಸಿಕೊಳ್ಳೋಕೆ.

ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿದ್ದರೆ ಕೈ ನೋಡಿ. ಕೆಲವರು ಮಾತ್ರೆಯನ್ನೇ ಚುಚ್ಚಿಕೊಳ್ಳುತ್ತಾರೆ. ಅದರಲ್ಲಿನ ಕರಗದ ಪುಡಿ ರಕ್ತನಾಳ ಕಟ್ಟುತ್ತದೆ, ಹಂಚಿಕೊಂಡ ಸೂಜಿಯಿಂದ ಎಚ್‌ಐವಿ, ಹೆಪಟೈಟಿಸ್ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ.

ಕೂಡಿಹಾಕಿ ಬಿಡಿಸಲು ಮಾತ್ರ ಹೋಗಬೇಡಿ. ದಿನವೂ ಜಾಸ್ತಿ ಎಣ್ಣೆ ಹಾಕುವವರು, ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆ ಹತ್ತಿಸಿಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವವೇ ಹೋಗಬಹುದು. ಟಪೆಂಟಡಾಲ್ ಥರದ ನೋವಿನ ಮಾತ್ರೆಯ ಅಪಾಯ ಬೇರೆ. ತಿಂಗಳು ಬಿಟ್ಟ ಮೈಗೆ ಹಳೇ ಲೆಕ್ಕ ತಡೆಯುವ ಶಕ್ತಿ ಇರಲ್ಲ, ಬೀಗ ತೆಗೆದ ದಿನ ಮೊದಲಿನಷ್ಟೇ ನುಂಗಿದರೆ ಉಸಿರು ನಿಲ್ಲುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಫೋನಲ್ಲೇ ಕೇಳಬೇಕಾದರೆ ಚಟ ಬಿಡಿಸುವ ಸಹಾಯವಾಣಿ 14446, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಆಸ್ಪತ್ರೆಯಲ್ಲಿ ಈ ಒದ್ದಾಟ ತಗ್ಗಿಸಲು ನಾಲಿಗೆ ಕೆಳಗಿಡುವ ಬ್ಯುಪ್ರಿನಾರ್ಫಿನ್ ಮಾತ್ರೆ ಕೊಡಬಹುದು. ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸ್ತಾರೆ ಅಂತ ಚಿಕ್ಕಪ್ಪ ಹೆದರಿದ್ದರು, ಅದು ಹಾಗಲ್ಲ, ಮೈ ಒದ್ದಾಟ ತಗ್ಗಿದರೇನೇ ಹುಡುಗ ಕೂತು ಮಾತು ಕೇಳುವುದು. ಸರಪಳಿ ಹಾಕುವ ಕೇಂದ್ರಕ್ಕೆ ದಯವಿಟ್ಟು ಸೇರಿಸಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ನಿಷೇಧವಿದೆ.

ಗಾಂಜಾ, ಬ್ರೌನ್ ಶುಗರ್ ಆದರೆ ಪೊಲೀಸರ ಭಯ ಇರುತ್ತದೆ ಅಲ್ವಾ? ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಓದಿ. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಚಿಕಿತ್ಸೆ ಪೂರ್ತಿ ಮಾಡಿದರೆ, ಸ್ವಂತ ಬಳಕೆಯ ಕೇಸಿನಿಂದ ರಕ್ಷಣೆ ಇದೆ.

ಕೊನೆಯದು, ಇವತ್ತೇ ಮನೆಯವರಿಗೆಲ್ಲ ಹೇಳಿಡಿ. ಕೂಗಿದರೂ ಏಳದೆ, ಗೊರಗೊರ ಸದ್ದು ಮಾಡುತ್ತಾ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿದ್ದರೆ ನಿದ್ದೆ ಅಂದುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಪ್ಪುನೀರು, ಮಜ್ಜಿಗೆ, ನಿಂಬೆರಸ ಏನನ್ನೂ ಬಾಯಿಗೆ ಸುರಿಯಬೇಡಿ. ಉಸಿರು ನಿಂತರೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಆಂಬುಲೆನ್ಸ್ ಹತ್ತುವಾಗ ಆ ಸ್ಟ್ರಿಪ್ ಜೊತೆಗಿರಲಿ.