ಕಂಪ್ಯೂಟರ್ ಹ್ಯಾಂಗ್ ಆದಾಗ ಮೊದಲು ಕೈ ತೆಗೆಯಿರಿ, ಆಮೇಲೆ ನಗಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದು ಡಿಟಿಪಿ ಮತ್ತು ಡಿಸೈನ್ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಪತ್ರಿಕೆ, ಫ್ಲೆಕ್ಸು ಮಾಡುತ್ತೇವೆ. ಮಳೆಗಾಲ ಕಳೆದು ಮೇಳಗಳ ತಿರುಗಾಟ ಶುರುವಾದ ಮೇಲೆ ಯಕ್ಷಗಾನದ ಹ್ಯಾಂಡ್‌ಬಿಲ್ಲೂ ಬರುತ್ತದೆ. ಕಂಪ್ಯೂಟರ್ ಮೇಲೆ ಸಿಟ್ಟು ಬರುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ತಲೆಯಲ್ಲಿ ಒಂದು ಬಣ್ಣ ಕೂತಿರುತ್ತದೆ, ಅಕ್ಷರ ಹೀಗೆ ಬಳುಕಬೇಕು ಅಂತ ಇರುತ್ತದೆ. ಅದನ್ನು ಪರದೆಗೆ ಇಳಿಸುವ ಹೊತ್ತಿಗೇ ಚಕ್ರ ತಿರುಗತೊಡಗುತ್ತದೆ. ಅದು ನಿಲ್ಲುವಷ್ಟರಲ್ಲಿ ಹೊಳೆದದ್ದು ಹಾರಿಹೋಗಿರುತ್ತದೆ. ಹೋದದ್ದು ಬರೀ ಹೊತ್ತಲ್ಲ, ಅದಕ್ಕೇ ಸಿಟ್ಟು ಜಾಸ್ತಿ. ಅದನ್ನು ನಗುವಿನಿಂದ ನಿಭಾಯಿಸಲು ನಾವು ರೂಢಿಸಿಕೊಂಡಿರುವ ದಾರಿ ಇದು.

ಮೊದಲು ಮೌಸ್‌ನಿಂದ ಕೈ ತೆಗೆಯಿರಿ. ಪ್ರೋಗ್ರಾಂ ನಿಂತಾಗ ನೀವು ಒತ್ತಿದ ಕ್ಲಿಕ್ಕುಗಳು, ಕೀಗಳು ಸಾಲಿನಲ್ಲಿ ಕಾಯುತ್ತಿರಬಹುದು. ಅದು ಎಚ್ಚೆತ್ತ ಕೂಡಲೇ ಒಂದರ ಹಿಂದೆ ಒಂದು ನಡೆದುಬಿಡುತ್ತವೆ. ನಡುವೆ ಡಿಲೀಟ್ ಒತ್ತಿದ್ದರೆ ಅದೂ ನಡೆಯುತ್ತದೆ. ಸೇವ್ ಆಗುತ್ತಿರುವಾಗ ಪ್ಲಗ್ ಕಿತ್ತರೆ ಫೈಲೇ ಕೆಡಬಹುದು. ನಗು ಕೆಲಸಕ್ಕೆ ಬರುವುದು ಇಲ್ಲೇ. ನಗುತ್ತಿರುವವರು ಕೀಬೋರ್ಡ್ ಕುಟ್ಟುವುದಿಲ್ಲ ಅಲ್ವಾ? ಆ ಒಂದೆರಡು ನಿಮಿಷ ಸಿಕ್ಕರೆ ಎಷ್ಟೋ ಸಲ ಮಷೀನ್ ತಾನೇ ಸರಿಯಾಗುತ್ತದೆ.

ನಗು ಬೇಕಾದಾಗ ಬರುವುದಿಲ್ಲ, ಅದಕ್ಕೆ ಮೊದಲೇ ಸಾಮಾನು ಸಿದ್ಧ ಇರಬೇಕು. ತೊಂದರೆಗಳಿಗೆ ಹೆಸರಿಡಿ. ನಮ್ಮ ಹೆಸರುಗಳೆಲ್ಲ ಯಕ್ಷಗಾನದಿಂದ ಬಂದವು. ದೊಡ್ಡ ಸಾಫ್ಟ್‌ವೇರ್ ತೆರೆದುಕೊಳ್ಳುವುದಕ್ಕೆ ‘ಒಡ್ಡೋಲಗ’ ಅನ್ನುತ್ತೇವೆ, ಅಂದರೆ ವೇಷ ರಂಗಕ್ಕೆ ಬರುವ ಅಬ್ಬರದ ಪ್ರವೇಶ. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುತ್ತದೆ, ಕಿರೀಟದ ತುದಿ ತೋರಿಸುತ್ತದೆ, ಮುಖ ಮಾತ್ರ ಕೊನೆಗೆ. ಅಪ್‌ಡೇಟ್ ಬಂದು ಕೂತರೆ ‘ಪೂರ್ವರಂಗ’. ಕೋಡಂಗಿ, ಬಾಲಗೋಪಾಲ ಎಲ್ಲ ಕುಣಿದು ಮುಗಿಯುವ ತನಕ ಪ್ರಸಂಗ ಶುರುವಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗಿದರೆ ಯಾರಾದರೂ ಒಬ್ಬರು ಮಂಗಳ ಹಾಡುತ್ತಾರೆ. ಹಾಡುವ ಮೊದಲು ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡಿರಬೇಕು, ಅದು ಕಟ್ಟುನಿಟ್ಟು. ನಿಮಗೆ ಯಕ್ಷಗಾನ ದೂರವಾದರೆ ಕ್ರಿಕೆಟ್ಟೋ ಅಡಿಕೆ ಮಂಡಿಯೋ ಇರಲಿ. ಒಟ್ಟಿನಲ್ಲಿ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತಿರುವ ಲೋಕ ಆಗಿರಬೇಕು. ಎಲ್ಲಿಂದಲೋ ಬಂದ ಮೀಮಿಗೆ ಒಂದು ದಿನ ನಗುತ್ತೇವೆ. ಅಂಗಡಿಯಲ್ಲೇ ಹುಟ್ಟಿದ ಹೆಸರು ವರ್ಷಗಟ್ಟಲೆ ಬಾಳುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಾಟ ಇದೆ, ಫಾಂಟು. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ. ಅದಲ್ಲದ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡ ಮಾಯವಾಗಿ ಸಾಲು ತುಂಬ ನೆತ್ತಿ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳು ನಿಂತಿರುತ್ತವೆ. ಆ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದಾರೆ. ‘ನ’ ಕೂತಿರುವುದು ಬ್ರಿಟನ್ನಿನ ಪೌಂಡ್ ಚಿಹ್ನೆಯ ಜಾಗದಲ್ಲಿ! ತೀರ್ಥಹಳ್ಳಿ ಕಡೆಯ ಒಂದು ಮದುವೆ ಕಾರ್ಡು ಹೀಗೆ ತೆರೆದುಕೊಂಡಾಗ, ನಂದನ ಅನ್ನುವ ವರನ ಹೆಸರಿನಲ್ಲಿ ಎರಡು ಪೌಂಡ್ ಕಾಣಿಸಿದವು. ಕೆಲಸ ಕಲಿಯಲು ಬರುವ ರಿಪ್ಪನ್‌ಪೇಟೆಯ ಹುಡುಗಿ ಬಗ್ಗಿ ನೋಡಿ, “ಅಕ್ಕಾ, ಹುಡುಗ ಲಂಡನ್ನಲ್ಲಿ ದುಡೀತಾನೆ ಅನ್ಸುತ್ತೆ” ಅಂದಳು. ಆವತ್ತಿನಿಂದ ಅಂಥ ಫೈಲಿಗೆಲ್ಲ ‘ಲಂಡನ್ ಅಳಿಯ’ ಅಂತ ಹೆಸರು.

ಈ ತಮಾಷೆಯಲ್ಲೇ ಮದ್ದೂ ಇದೆ. ಪೌಂಡ್ ಕಂಡರೆ ಫೈಲ್ ಕೆಟ್ಟಿಲ್ಲ, ಫಾಂಟ್ ಮಾತ್ರ ಇಲ್ಲ ಅಂತ ತಿಳಿಯಿರಿ. ಗಾಬರಿಯಿಂದ ಹೊಸದಾಗಿ ಟೈಪ್ ಮಾಡಲು ಕೂರಬೇಡಿ. ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಕನ್ವರ್ಟರ್‌ನಲ್ಲಿ ಯೂನಿಕೋಡಿಗೆ ತಿರುಗಿಸಿ ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ನಕ್ಕದ್ದನ್ನು ಬರೆದಿಡಿ. ಸುಮ್ನೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ‘ಬಗ್’ (ಇಂಗ್ಲಿಷಿನಲ್ಲಿ ಹುಳಕ್ಕೂ ಯಂತ್ರದ ದೋಷಕ್ಕೂ ಇದೇ ಮಾತು) ಸಿಕ್ಕಿದ್ದು ಇದೇ ಮೊದಲು ಅಂತ ಪಕ್ಕದಲ್ಲಿ ಬರೆದರು. ಮುಂಗಾರಿನ ಸಂಜೆ ಮಾನಿಟರ್ ಬೆಳಕಿಗೆ ಮಳೆಹುಳ ಮುತ್ತುವ ಊರಿನ ನಮಗೆ ಈ ಕಥೆ ಬಹಳ ಹತ್ತಿರದ್ದು. ಅವರು ನಗುವುದರ ಜೊತೆಗೆ ಹೊತ್ತು ಎಷ್ಟು, ಯಾವ ರಿಲೇ ಅನ್ನುವುದನ್ನೂ ಬರೆದಿದ್ದರು. ನಿಮ್ಮ ಪುಸ್ತಕದಲ್ಲೂ ಎರಡೂ ಇರಲಿ. ನಮ್ಮದರಲ್ಲಿ ಒಂದು ಕಡೆ ಹೀಗಿದೆ: “ಹೊರಗಿನಿಂದ ಬಂದ ಫ್ಲೆಕ್ಸ್ ಫೈಲ್. 20 ಅಡಿ, ರೆಸಲ್ಯೂಶನ್ 300. ರಾವಣನ ಒಂದೊಂದು ತಲೆಗೂ ಒಂದೊಂದು ಲೇಯರ್. ಸ್ಕ್ರಾಚ್ ಡಿಸ್ಕ್ ಫುಲ್. ಸಿ ಡ್ರೈವ್ ಊಟ ಮುಗಿಸಿ ಎಲೆ ಮಡಚಿದೆ.” ಸ್ಕ್ರಾಚ್ ಡಿಸ್ಕ್ ಅಂದರೆ ಫೋಟೋಶಾಪ್ ಕೆಲಸ ಮಾಡುವಾಗ ತಾತ್ಕಾಲಿಕವಾಗಿ ಬಳಸುವ ಡ್ರೈವಿನ ಜಾಗ. ಕೆಳಗೆ ಮದ್ದು: ಪ್ರಿಫರೆನ್ಸಸ್‌ನಲ್ಲಿ ಸ್ಕ್ರಾಚ್ ಡಿಸ್ಕನ್ನು ಜಾಗ ಇರುವ ಡ್ರೈವಿಗೆ ಬದಲಿಸಬೇಕು, ದೂರದಿಂದ ನೋಡುವ ಫ್ಲೆಕ್ಸಿಗೆ ರೆಸಲ್ಯೂಶನ್ (ಇಂಚಿಗೆ ಎಷ್ಟು ಚುಕ್ಕಿ ಅನ್ನುವುದು) 72ರಿಂದ 100 ಸಾಕು. ಎಲೆ ಮಡಚಿದ ಸಾಲಿಗಾಗಿ ಎಲ್ಲರೂ ಆ ಪುಟ ತೆರೆಯುತ್ತಾರೆ, ಮದ್ದೂ ಕಣ್ಣಿಗೆ ಬೀಳುತ್ತದೆ.

ಯಾರನ್ನು ನೋಡಿ ನಗಬಾರದು ಅನ್ನುವುದರಲ್ಲಿ ನಾನು ಬಲು ಗಟ್ಟಿ. ತಮಾಷೆ ಮಷೀನಿನದ್ದು ಮಾತ್ರ. ಕಲಿಯುವ ಹುಡುಗಿಯ ಕೈ ನಿಧಾನ ಅಂತಲೋ ಗಿರಾಕಿಗೆ ಪಿಡಿಎಫ್ ಅಂದರೆ ಗೊತ್ತಿಲ್ಲ ಅಂತಲೋ ನಕ್ಕರೆ ಅವರು ಮತ್ತೆ ಪ್ರಶ್ನೆ ಕೇಳುವುದಿಲ್ಲ. ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಲು ಬಂದವರು ಎದುರಿಗೆ ಕೂತಿದ್ದರೆ ತಮಾಷೆ ಬೇಡವೇ ಬೇಡ. ಚಕ್ರ ಎಷ್ಟು ಹೊತ್ತಾದರೂ ತಿರುಗಲಿ. ಅವರಿಗೆ ನೀರು ಕೊಡಿ, ತೀರಿಕೊಂಡವರ ಹೆಸರು, ತಿಥಿ, ಮನೆಯವರ ಹೆಸರುಗಳನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಅದನ್ನೇ ನೋಡಿ ಟೈಪ್ ಮಾಡಬಹುದು. ಫೋಟೋ ಮಸುಕಾಗಿದ್ದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಇನ್ನೊಮ್ಮೆ ಕಳಿಸಲು ಮನೆಯ ಹುಡುಗರಿಗೆ ಹೇಳಿ, ಹಾಗೆ ಕಳಿಸಿದರೆ ಫೋಟೋ ಕುಗ್ಗುವುದಿಲ್ಲ.