ಮೈಸೂರಿಂದ ಕಾವೇರಿ ದಡದ ಊರುಗಳಿಗೆ ಒಂದು ದಿನ, ಕಾರು ಪ್ಲಸ್ ಗೈಡ್ ಮಾಡ್ಕೊಂಡು ಹೋಗೋರಿಗೆ

ಅಪ್ಪ ಅಮ್ಮನ್ನ ಕರ್ಕೊಂಡು ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು ನೋಡ್ಬೇಕು ಅಂತಿದ್ರೆ ಪ್ರೈವೇಟ್ ಗೈಡ್ ಒಳ್ಳೇದೇ, ಆದ್ರೆ ಬುಕ್ ಮಾಡೋ ಮುಂಚೆ ಗೈಡು ಬೇರೆ ಬರ್ತಾರಾ ಇಲ್ಲ ಡ್ರೈವರೇ ಗೈಡಾ ಅಂತ ಕ್ಲಿಯರ್ ಆಗಿ ಕೇಳ್ಕೊಳಿ. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಎಲ್ಲಾ ಸೇರಿ ಎಷ್ಟು ಅಂತ ವಾಟ್ಸಾಪಲ್ಲಿ ಬರೆಸ್ಕೊಂಡುಬಿಡಿ, ಸಿಲ್ಕ್ ಅಂಗಡಿ ಸ್ಟಾಪ್ ಬೇಡ ಅಂತ ಆಗ್ಲೇ ಹೇಳ್ಬಿಡಿ, ಇಲ್ಲಾಂದ್ರೆ ಒಂದು ಗಂಟೆ ಅಲ್ಲೇ ಹೋಯ್ತು.

ಬೆಳಿಗ್ಗೆ ಮೊದ್ಲು ಶ್ರೀರಂಗಪಟ್ಟಣ ಮುಗಿಸಿ, ಮಧ್ಯಾಹ್ನ ರಂಗನಾಥನ ಗುಡಿ ಬಾಗಿಲು ಹಾಕ್ತಾರೆ. ಅಲ್ಲೇ ಇರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಅದ್ರಲ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಕೊಂಡಿರೋ ಬ್ರಿಟಿಷ್ ಕರ್ನಲ್ ಬೈಲಿನ ತೋರ್ಸಿ ಅನ್ನಿ, ಗೈಡ್ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ.

ಬಿಸಿಲೇರಿದ್ಮೇಲೆ ಬನ್ನೂರು ಮೇಲೆ ಸೋಮನಾಥಪುರ. ಅಲ್ಲಿನ ಹೊಯ್ಸಳರ ಕಾಲದ ಕೇಶವ ದೇವಸ್ಥಾನ ಪೂಜೆ ನಡೆಯೋ ಗುಡಿ ಅಲ್ಲ, ಪುರಾತತ್ವ ಇಲಾಖೆದು, ಹಾಗಾಗಿ ಮಧ್ಯಾಹ್ನಾನೂ ತೆಗ್ದಿರುತ್ತೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಪೀಠದ ಮೇಲೆ ತನ್ನ ಹೆಸರು ಕೆತ್ತಿದಾನೆ, ಹುಡುಕಿ ತೋರ್ಸೋ ಗೈಡ್ ಸಿಕ್ರೆ ಕೊಟ್ಟ ದುಡ್ಡು ವಸೂಲ್. ಕಲ್ಲು ಕಾದಿರುತ್ತೆ, ಸಾಕ್ಸ್ ಇಟ್ಕೊಳಿ.

ಟಿ. ನರಸೀಪುರದಲ್ಲಿ ಕಾವೇರಿ ಕಪಿಲಾ ಸಂಗಮ ನೋಡ್ಕೊಂಡು ತಲಕಾಡಿಗೆ ಸಂಜೆ ಹೊತ್ಗೆ ಹೋಗಿ, ಮರಳಲ್ಲಿ ನಡೆಯೋದು ವಯಸ್ಸಾದವ್ರಿಗೆ ಸ್ವಲ್ಪ ಕಷ್ಟಾನೇ. ನೀರಿಗೆ ಮಾತ್ರ ಕಾಲು ನೆನೆಯೋಷ್ಟೇ ಇಳೀರಿ, ಸುಳಿ ಇದೆ.